ಮೊಸರಿನ ಜೊತೆ ಬೇಡ

ಆ ದಿನ ನಾನು ಹೇಳಿದ್ದು ಇಷ್ಟೇ:
ಬೆಳಿಗ್ಗೆ ಒಂದು, ರಾತ್ರಿ ಒಂದು, ಏಳು ದಿನ.
ಮೊಸರಿನ ಜೊತೆ ಮಾತ್ರ ಬೇಡ, ಮೇಷ್ಟ್ರೇ,
ಎರಡು ಗಂಟೆ ಬಿಟ್ಟು ತಿನ್ನಿ ನಿಮ್ಮ ಮತ್ಸೋನಿ.

ಜುಂಬೇರ್ ಮೇಷ್ಟ್ರು ನಕ್ಕರು.
ಅರವತ್ತಾರರಲ್ಲೂ, ಮೈಯಲ್ಲಿ ನಡುಕದ ಜ್ವರ ಇದ್ದೂ,
ನನ್ನ ಕೌಂಟರಿನ ಮುಂದೆ ಅವರು ನಿಲ್ಲುವುದು
ಒಳಕೋಣೆಯಲ್ಲಿ ಯಾರೋ ಈಗ ಡೋಲು ಬಾರಿಸುತ್ತಾರೆ ಎಂಬಂತೆ.
"ಕುತೈಸಿಯವನಿಗೆ ಮೊಸರು ಬಿಡು ಅನ್ನುತ್ತೀಯಲ್ಲ,
ಉಸಿರು ಬಿಡು ಅನ್ನು, ಅದು ಸುಲಭ."

ಸಿಪ್ರೊಫ್ಲಾಕ್ಸಾಸಿನ್. ಹೆಸರೇ ಒಂದು ಬಾಯಿ ತುಂಬ.
ಪೆಟ್ಟಿಗೆಯೊಳಗೆ ಆ ಕಾಗದ ಇತ್ತು,
ಹದಿನಾರು ಮಡಿಕೆ, ಇರುವೆ ಸಾಲಿನ ಅಕ್ಷರ.
ಓದಿದ್ದೆ ನಾನು. ಓದಿ ವರ್ಷಗಳಾಗಿದ್ದವು.
ಅರವತ್ತು ದಾಟಿದವರಲ್ಲಿ, ಎಂಬ ಸಾಲು.
ಸ್ಟೀರಾಯ್ಡ್ ಜೊತೆಗಿದ್ದರೆ, ಎಂಬ ಸಾಲು.
ಹಿಮ್ಮಡಿಯ ಹುರಿ, ಎಂಬ ಸಾಲು.
ಅವರ ಉಬ್ಬಸಕ್ಕೆ ಬೇರೆ ಡಾಕ್ಟರು ಬರೆದ
ಪ್ರೆಡ್ನಿಸೊಲೋನ್ ಚೀಟಿಯೂ ಬಂದಿತ್ತು ಅದೇ ಹೊತ್ತಿಗೆ.
ಇಬ್ಬರು ಡಾಕ್ಟರು ಒಬ್ಬರನ್ನೊಬ್ಬರು ಕಂಡವರಲ್ಲ,
ಎರಡು ಚೀಟಿ ಭೇಟಿಯಾದದ್ದು
ನನ್ನ ಈ ಎಡಗೈಯಲ್ಲಿ.

ಹಿಂದೆ ಏಳು ಜನ ಕಾಯುತ್ತಿದ್ದರು.
ಬಾಗಿಲಲ್ಲಿ ಯಾರದೋ ಮಗು ರಚ್ಚೆ ಹಿಡಿದಿತ್ತು.
ಇದನ್ನು ನೆಪ ಎಂದು ಹೇಳುತ್ತಿಲ್ಲ.
ಇತ್ತು, ಅಷ್ಟೇ.

ಮೂರನೇ ದಿನ ಜ್ವರ ಇಳಿಯಿತು.
ಇದನ್ನೂ ಹೇಳಬೇಕು: ಮದ್ದು ತನ್ನ ಕೆಲಸ ಮಾಡಿತು.
ನನಗೊಂದು ಶೀಷೆ ಹುಳಿ ಪ್ಲಮ್ಮಿನ ಗೊಜ್ಜು ಕಳಿಸಿದ್ದರು,
ಮುಚ್ಚಳಕ್ಕೆ ಬಟ್ಟೆ ಕಟ್ಟಿ.

ಅವರು ಕಲಿಸುವ ಕುಣಿತ ನೋಡಿದ್ದೀರಾ?
ಮೆತ್ತನೆ ಚರ್ಮದ ಬೂಟು, ಒಳಗೆ ಆಧಾರಕ್ಕೆ ಏನೂ ಇಲ್ಲ,
ಮಡಚಿದ ಕಾಲ್ಬೆರಳ ಗೆಣ್ಣುಗಳ ಮೇಲೆ
ಇಡೀ ಗಂಡಸು ಎದ್ದು ನಿಲ್ಲುತ್ತಾನೆ.
ನಲವತ್ತು ವರ್ಷ ಹಾಗೆ ನಿಂತಿದ್ದರು ಮೇಷ್ಟ್ರು.

ಕುಣಿಯುವಾಗ ಅಲ್ಲ.
ಒಂಬತ್ತನೇ ದಿನ, ಮಾತ್ರೆ ಮುಗಿದ ಮೇಲೆ,
ಶಾಲೆಯ ಮೆಟ್ಟಿಲಿಳಿಯುತ್ತ, ಕೈಯಲ್ಲಿ ಬೀಗದ ಕೈ.
ಪುಟ್ಟ ಸಾಬಾಗೆ ಕೇಳಿದ್ದು
ಒಣ ಕೊಂಬೆ ಮುರಿದ ಸದ್ದು.
ಹಿಂದಿನಿಂದ ಯಾರೋ ಒದ್ದರು ಎಂದು
ಮೇಷ್ಟ್ರು ತಿರುಗಿ ನೋಡಿದರಂತೆ.
ಹಿಂದೆ ಗೋಡೆ.

ನೋಡಲು ಹೋದೆ. ಮಂಡಿಯವರೆಗೆ ಪ್ಲಾಸ್ಟರು.
ಮೇಜಿನ ಮೇಲೆ ಎರಡು ಬೆರಳು ನಿಲ್ಲಿಸಿ
ಹುಡುಗರಿಗೆ ಹೆಜ್ಜೆ ತೋರಿಸುತ್ತಿದ್ದರು.
ಬೆರಳು ಹಾರಿತು, ತಿರುಗಿತು, ಸಕ್ಕರೆ ಡಬ್ಬಿ ದಾಟಿತು.
"ನಿನಗೆ ಗೊತ್ತಿತ್ತೇನಮ್ಮ ಲಮಾರಾ?"
ತಲೆ ಎತ್ತದೆ ಕೇಳಿದರು.
ಗೊತ್ತಿತ್ತು, ಅಂದೆ.
ಬೆರಳು ಸ್ವಲ್ಪ ಹೊತ್ತು ನಿಂತಿತು,
ಆಮೇಲೆ ಮತ್ತೆ ಮೊದಲ ಹೆಜ್ಜೆಯಿಂದ.

ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ.
ಹಿಮ್ಮಡಿ ಬಿಗಿದರೆ ಮಾತ್ರೆ ನಿಲ್ಲಿಸಿ, ಫೋನ್ ಮಾಡಿ.
ಬೆರಳ ತುದಿ ಜುಮ್ಮೆಂದರೆ, ರಾತ್ರಿ ಮನಸ್ಸು ತಪ್ಪಿದರೆ.
ಸಾಲು ಬೀದಿಗೆ ಬೆಳೆಯುತ್ತದೆ, ಜನ ಬೈಯುತ್ತಾರೆ.
ಚಿಯಾಲಾ ಎಂಬಾಕೆ ಪೂರ್ತಿ ಕೇಳಿ,
ಪೆಟ್ಟಿಗೆಯನ್ನು ನನ್ನತ್ತಲೇ ತಳ್ಳಿ ಹೋದಳು.
ನಾಲ್ಕು ದಿನದ ಮೇಲೆ ಆಸ್ಪತ್ರೆಯಲ್ಲಿ,
ಸೋಂಕು ರಕ್ತಕ್ಕಿಳಿದು, ತೋಳಿಗೆ ಸೂಜಿ ನೆಟ್ಟು.
ಬದುಕಿದಳು. ನನ್ನನ್ನು ಮಾತಾಡಿಸುವುದಿಲ್ಲ.

ಹೇಳದೆ ಒಂದು ಕಾಲು. ಹೇಳಿ ಒಂದು ಜೀವ, ಹತ್ತಿರ ಹತ್ತಿರ.
ಇದಕ್ಕೆ ತಕ್ಕಡಿ ಯಾವ ಅಂಗಡಿಯಲ್ಲಿ ಸಿಗುತ್ತದೆ,
ಔಷಧದ ಅಂಗಡಿಯವಳೇ ಕೇಳುತ್ತಿದ್ದೇನೆ.

ನಿನ್ನೆ ಮೇಷ್ಟ್ರು ಬಂದರು, ಕೋಲೂರಿಕೊಂಡು,
ಬರಿಯ ಕೆಮ್ಮಿನ ಸಿರಪ್ಪಿಗೆ.
"ಇದಕ್ಕೂ ಏನಾದರೂ ಹೇಳುವುದಿದೆಯೋ?"
ಇದೆ, ಅಂದೆ.
ಹಿಂದೆ ಐದು ಜನ.
ಒಳಗಿನಿಂದ ನನ್ನ ಸ್ಟೂಲು ತಂದು ಹಾಕಿದೆ,
ಕುಳಿತುಕೊಳ್ಳಿ.